ಸಂಚಿಯೋ, ಮಡಿಲೋ?

ನಮ್ಮ ವ್ಯಾಕರಣದಲ್ಲಿ ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯಾಗಿ ವಿಂಗಡಿಸುವುದುಂಟು. ಮರ, ನದಿ, ಊರು ಎಂಬಂತೆ ಬಳಕೆಯ ಬಲದಿಂದಲೇ ನಿಂತುಬಿಟ್ಟ ಹೆಸರು ರೂಢ. ಗುರುತಿಗೆಂದು ಇಟ್ಟುಕೊಂಡದ್ದು ಅಂಕಿತ. ವಸ್ತುವಿನ ರೂಪವನ್ನೋ ಗುಣವನ್ನೋ ಕಸುಬನ್ನೋ ಹೇಳುವುದು ಅನ್ವರ್ಥ. ತರಗತಿಯಲ್ಲಿ ಇದನ್ನು ಪಾಠ ಹೇಳುವಾಗ ಜಾಣ, ಕುಂಟ, ವ್ಯಾಪಾರಿ ಎಂದು ನಾಲ್ಕು ಉದಾಹರಣೆ ಕೊಟ್ಟು ಮುಂದಕ್ಕೆ ಹೋಗುವುದು ನಮ್ಮ ವಾಡಿಕೆ. ಆದರೆ ಅನ್ವರ್ಥನಾಮ ಎಂಬುದು ಅಷ್ಟು ಸುಲಭವಾದ ಸಂಗತಿಯಲ್ಲವೆಂದು ನನಗೆ ಬಹುದಿನಗಳಿಂದ ಅನಿಸುತ್ತಿದೆ. ಅರ್ಥಕ್ಕೆ ಅನುಗುಣವಾದ ಹೆಸರು ಎನ್ನುತ್ತೇವೆ, ಸರಿ. ಆ ಅರ್ಥವನ್ನು ಕಂಡವರು ಯಾರು, ಎಷ್ಟು ಹೊತ್ತು ನೋಡಿ ಕಂಡರು, ಎಂದು ನಾವು ಕೇಳುವುದಿಲ್ಲ. ಹಾಗೆ ಕೇಳಬೇಕಾದ ಹೆಸರುಗಳಲ್ಲಿ ಒಂದು, ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ನಮ್ಮ ಮಕ್ಕಳೆಲ್ಲ ಓದುವ ‘ಮಾರ್ಸೂಪಿಯಲ್’ ಎಂಬ ಹೆಸರು. ಕಾಂಗರೂ, ಕೋಲ, ಒಪಾಸಮ್ ಮೊದಲಾದ ಪ್ರಾಣಿಗಳ ದೊಡ್ಡ ಬಳಗಕ್ಕೆ ಅದು ಕುಲನಾಮ. ಮುನ್ನೂರಕ್ಕೂ ಹೆಚ್ಚು ಜಾತಿಗಳಿರುವ ಈ ಬಳಗದ ಬಹುಭಾಗ ಆಸ್ಟ್ರೇಲಿಯ, ನ್ಯೂಗಿನಿ ಮತ್ತು ಅವುಗಳ ಸುತ್ತಣ ದ್ವೀಪಗಳಲ್ಲಿದೆ. ಉಳಿದದ್ದು ಅಮೆರಿಕ ಖಂಡಗಳಲ್ಲಿ.

ಮಾರ್ಸೂಪಿಯಮ್ ಎಂಬುದು ಲ್ಯಾಟಿನ್ ಮಾತು. ಅದು ಗ್ರೀಕಿನಿಂದ ಬಂದದ್ದು. ಗ್ರೀಕಿನಲ್ಲಿ ಮಾರ್ಸಿಪಾಸ್ ಎಂದರೆ ಚೀಲ. ಮಾರ್ಸಿಪಿಯಾನ್ ಎಂದರೆ ಪುಟ್ಟ ಚೀಲ. ರೋಮಿನವರು ಅದನ್ನು ಹಣದ ಚೀಲಕ್ಕೆ ಹೇಳುತ್ತಿದ್ದರು. ನಮ್ಮಲ್ಲಿ ವರ್ತಕರು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಹಮ್ಮಿಣಿ ಇದ್ದಂತೆ ಎಂದುಕೊಳ್ಳಬಹುದು. ಬಾಯಿಗೆ ದಾರ ಎಳೆದು ಬಿಗಿಯುವ, ಒಳಗಿನದು ಹೊರಗೆ ಕಾಣದ ಚೀಲ. ಅದು ಕಾಡಿನ ಮೃಗವೊಂದರ ಹೊಟ್ಟೆಗೆ ಹೋಗಿ ಅಂಟಿಕೊಂಡ ಕಥೆ ಆರಂಭವಾಗುವುದು ೧೫೦೦ನೆಯ ಇಸವಿಯಲ್ಲಿ.

ಕೊಲಂಬಸನ ಮೊದಲನೆಯ ಯಾತ್ರೆಯಲ್ಲಿ ನೀನ್ಯ ಎಂಬ ಹಡಗಿನ ನಾಯಕನಾಗಿದ್ದ ವಿಸೆಂಟೆ ಯಾನ್ಯೆಸ್ ಪಿನ್ಸಾನ್ ಆ ವರ್ಷ ತಾನೇ ಹಡಗುಗಳನ್ನು ನಡೆಸಿಕೊಂಡು ಈಗಿನ ಬ್ರೆಜಿಲ್ ದೇಶದ ಕರಾವಳಿಯನ್ನು ತಲುಪಿದನು. ಅಲ್ಲಿ ಅವನ ಜನರು ಮರಿಗಳನ್ನು ಹೊಟ್ಟೆಯ ಚೀಲದಲ್ಲಿಟ್ಟುಕೊಂಡಿದ್ದ ಒಂದು ಹೆಣ್ಣು ಪ್ರಾಣಿಯನ್ನು ಹಿಡಿದರು. ಅದು ಒಪಾಸಮ್. ಹಿಂದಿರುಗುವ ದಾರಿಯಲ್ಲಿ ಮರಿಗಳು ಉಳಿಯಲಿಲ್ಲ, ತಾಯಿಯೂ ಸತ್ತಿತು. ಆದರೂ ಅದರ ದೇಹವನ್ನು ಸ್ಪೇನಿಗೆ ಒಯ್ದು, ಗ್ರನಾಡ ನಗರದಲ್ಲಿ ರಾಜ ಫರ್ಡಿನೆಂಡ್ ಮತ್ತು ರಾಣಿ ಇಸಬೆಲ್ಲರ ಮುಂದೆ ಇಟ್ಟರು. ರಾಜದಂಪತಿಗಳು ಆ ಚೀಲದೊಳಗೆ ಬೆರಳಿಟ್ಟು ನೋಡಿ ಬೆರಗಾದರೆಂದು ಹೇಳುತ್ತಾರೆ. ಆ ಕಾಲದ ವರ್ಣನೆಗಳಲ್ಲಿ ಅದಕ್ಕೆ ನರಿಯ ಮೂತಿ, ಕಪಿಯ ಬಾಲ, ಬಾವಲಿಯ ಕಿವಿ, ಮನುಷ್ಯನ ಕೈ ಎಲ್ಲವೂ ಬಂದಿವೆ. ಆನೆಯನ್ನು ಮುಟ್ಟಿ ನೋಡಿದ ಕುರುಡರ ಕಥೆ ನಮಗೆ ಗೊತ್ತು. ಅಲ್ಲಿ ಪ್ರತಿಯೊಬ್ಬನೂ ತನಗೆ ಸಿಕ್ಕಿದ ಒಂದು ಅಂಗವನ್ನೇ ಆನೆ ಎಂದನು. ಇಲ್ಲಿ ಕಣ್ಣಿದ್ದವರೇ ತಮಗೆ ಗೊತ್ತಿದ್ದ ನಾಲ್ಕು ಪ್ರಾಣಿಗಳನ್ನು ಸೇರಿಸಿ ಐದನೆಯದೊಂದನ್ನು ಹೊಲಿದರು. ಹೊಸದನ್ನು ಕಂಡಾಗ ಹಳೆಯದರ ತುಂಡುಗಳಿಂದ ಅದನ್ನು ಹೇಳುವುದು ಮನುಷ್ಯಸ್ವಭಾವ, ತಪ್ಪೆನ್ನುವಂತಿಲ್ಲ. ಆದರೆ ಚೀಲಕ್ಕೆ ಮಾತ್ರ ಅವರ ಬಳಿ ಹೋಲಿಕೆ ಇರಲಿಲ್ಲ. ಹಾಗಾಗಿ ನೆನಪಿನಲ್ಲಿ ನಿಂತದ್ದು ಚೀಲ.

ಒಪಾಸಮ್ ಎಂಬ ಮಾತೂ ಒಂದು ಪಾಠ ಹೇಳುತ್ತದೆ. ಉತ್ತರ ಅಮೆರಿಕದ ವರ್ಜೀನಿಯದಲ್ಲಿ ಇಂಗ್ಲಿಷರು ನೆಲೆಯೂರಿದ ಹೊಸದರಲ್ಲಿ, ೧೬೧೦ರ ಸುಮಾರಿಗೆ, ಅಲ್ಲಿನ ಪೌಹಾಟನ್ ಜನರ ನುಡಿಯಿಂದ ಅದನ್ನು ಎತ್ತಿಕೊಂಡರು. ಆ ನುಡಿಯಲ್ಲಿ ಅದರ ಅರ್ಥ ‘ಬಿಳಿಯ ಪ್ರಾಣಿ’ ಎಂದು. ಮಸುಕು ಬಿಳುಪಿನ ಮುಖವುಳ್ಳ ಆ ಪ್ರಾಣಿ ರಾತ್ರಿಯ ಹೊತ್ತು ಮರದ ಮೇಲೆ ಓಡಾಡುವುದನ್ನು ತಲೆತಲಾಂತರದಿಂದ ಕಂಡವರು ಇಟ್ಟ ಹೆಸರು ಅದು. ಅದೂ ಅನ್ವರ್ಥನಾಮವೇ. ಆದರೆ ಅವರಿಗೆ ಅದರ ಚೀಲ ಒಂದು ಸೋಜಿಗವಾಗಿರಲಿಲ್ಲ. ಅವರ ಕಾಡಿನಲ್ಲಿ ಇದ್ದದ್ದೇ ಅಂಥ ಪ್ರಾಣಿ. ಅದೇ ಪ್ರಾಣಿಯನ್ನು ೧೬೧೨ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವರ್ಣಿಸಿದ ಕ್ಯಾಪ್ಟನ್ ಜಾನ್ ಸ್ಮಿತ್ ಹಂದಿಯ ತಲೆ, ಇಲಿಯ ಬಾಲ, ಬೆಕ್ಕಿನ ಗಾತ್ರ ಎಂದು ಮತ್ತೆ ಹೊಲಿಗೆಗೇ ತೊಡಗಿ, ಕಡೆಗೆ ಬಂದು ನಿಂತದ್ದು ಹೊಟ್ಟೆಯ ಚೀಲದ ಬಳಿ.

ಈ ಚೀಲ ಶಾಸ್ತ್ರದ ಬಾಗಿಲನ್ನು ದಾಟಿದ್ದು ೧೬೯೮ರಲ್ಲಿ. ಲಂಡನ್ನಿನ ವೈದ್ಯ ಎಡ್ವರ್ಡ್ ಟೈಸನ್, ವರ್ಜೀನಿಯದಿಂದ ಬಂದಿದ್ದ ಹೆಣ್ಣು ಒಪಾಸಮ್ ಒಂದನ್ನು ಕೊಯ್ದು ಪರೀಕ್ಷಿಸಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘವಾದ ಲೇಖನವನ್ನು ಪ್ರಕಟಿಸಿದನು. ಅದರ ಶೀರ್ಷಿಕೆಯಲ್ಲಿ ಆತ ಈ ಪ್ರಾಣಿಯನ್ನು ‘ಮಾರ್ಸೂಪಿಯಾಲೆ ಅಮೆರಿಕಾನುಮ್’, ಎಂದರೆ ಅಮೆರಿಕದ ಚೀಲದ ಪ್ರಾಣಿ, ಎಂದು ಕರೆದನು. ರೋಮಿನ ವರ್ತಕನ ಹಣದ ಚೀಲ ಹೀಗೆ ಮೃಗದ ಹೆಸರಾಯಿತು. ಟೈಸನ್ ಇನ್ನೊಂದು ಸಂಗತಿಯನ್ನೂ ಕಂಡನು: ಹೊರಗಿನ ಚೀಲವಲ್ಲದೆ, ಒಳಗೆ ಗರ್ಭಕೋಶವೇ ಎರಡಾಗಿತ್ತು.

ಆಮೇಲೆ ಬಂದವನು ಸ್ವೀಡನ್ನಿನ ಲಿನೇಯಸ್. ಜಗತ್ತಿನ ಜೀವಿಗಳಿಗೆಲ್ಲ ಎರಡೆರಡು ಪದದ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಈ ಮಹಾನುಭಾವನು, ೧೭೫೮ರಲ್ಲಿ ಒಪಾಸಮಿನ ಕುಲಕ್ಕೆ ‘ಡೈಡೆಲ್ಫಿಸ್’ ಎಂದು ಹೆಸರಿಟ್ಟನು. ಗ್ರೀಕಿನ ಡೆಲ್ಫಿಸ್ ಎಂದರೆ ಗರ್ಭ. ಡೆಲ್ಫಿಸ್ ಮತ್ತು ನಮ್ಮ ಸಂಸ್ಕೃತದ ಗರ್ಭ ಒಂದೇ ಬೇರಿನಿಂದ ಬಂದವೆಂದು ಭಾಷಾಶಾಸ್ತ್ರಜ್ಞರು ತಿಳಿಸುತ್ತಾರೆ. ಗ್ರೀಕಿನಲ್ಲಿ ಸಹೋದರನಿಗೆ ಅಡೆಲ್ಫಾಸ್ ಎನ್ನುತ್ತಾರೆ. ಸಂಸ್ಕೃತದಲ್ಲಿ ಸಗರ್ಭ್ಯ ಎಂದಂತೆ. ಆದ್ದರಿಂದ ಡೈಡೆಲ್ಫಿಸ್ ಎಂಬುದನ್ನು ಅಕ್ಷರಶಃ ದ್ವಿಗರ್ಭ ಎಂದು ತಿರುಗಿಸಬಹುದು. ಬೇರಿಗೆ ಬೇರು ಕೂಡುತ್ತದೆ. ಚೀಲವನ್ನೇ ಎರಡನೆಯ ಗರ್ಭವೆಂದು ಬಗೆದು ಈ ಹೆಸರು ಇಟ್ಟದ್ದೆಂದು ಸಾಮಾನ್ಯವಾಗಿ ವಿವರಿಸುವುದುಂಟು. ಆ ಅರ್ಥದಲ್ಲಿ ಹೆಸರು ಸರಿಯಲ್ಲ, ಏಕೆಂದರೆ ಚೀಲವು ಗರ್ಭವಲ್ಲ. ಆದರೆ ಟೈಸನ್ ಕಂಡಂತೆ ಒಳಗೆ ನಿಜವಾಗಿಯೂ ಎರಡು ಗರ್ಭಕೋಶಗಳಿರುವುದರಿಂದ ಹೆಸರು ಸರಿಯೂ ಹೌದು. ತಪ್ಪು ಕಾರಣಕ್ಕೆ ಸರಿಯಾದ ಹೆಸರು ಬರುವುದು ಇಂಥದ್ದೇ. ಕೊನೆಗೆ ೧೮೧೧ರಲ್ಲಿ ಜರ್ಮನ್ ಪ್ರಾಣಿಶಾಸ್ತ್ರಜ್ಞ ಇಲಿಗರ್ ಇಡೀ ಬಳಗಕ್ಕೆ ‘ಮಾರ್ಸೂಪಿಯಾಲಿಯ’ ಎಂಬ ಹೆಸರನ್ನು ಕೊಟ್ಟನು. ಗರ್ಭ ಹಿಂದೆ ಸರಿಯಿತು, ಚೀಲ ಗೆದ್ದಿತು.

ಇಷ್ಟು ಪಶ್ಚಿಮದ ಕಥೆ. ಪೂರ್ವದ ಸಮುದ್ರಗಳಲ್ಲಿಯೂ ಯೂರೋಪಿನವರು ಇದೇ ಬಳಗವನ್ನು ಎದುರಾಗಿದ್ದರು. ಲವಂಗದ ವ್ಯಾಪಾರಕ್ಕಾಗಿ ಮೊಲುಕ್ಕಾ ದ್ವೀಪಗಳಲ್ಲಿ ನೆಲೆಸಿದ್ದ ಪೋರ್ಚುಗೀಸರ ಅಧಿಕಾರಿ ಆಂಟೋನಿಯೋ ಗಲ್ವಾನ್ ೧೫೪೦ರ ದಶಕದಲ್ಲಿಯೇ, ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಹೊರುವ ಕಸ್ಕಸ್ ಎಂಬ ಪ್ರಾಣಿಯನ್ನು ವರ್ಣಿಸಿದ್ದಾನೆ. ಆದರೆ ನನ್ನನ್ನು ಹೆಚ್ಚು ಸೆಳೆಯುವವನು ಡಚ್ಚರ ಫ್ರಾನ್ಸಿಸ್ಕೊ ಪೆಲ್ಸರ್ಟ್. ಈತ ನಮ್ಮ ಇತಿಹಾಸದ ಓದುಗರಿಗೆ ಅಪರಿಚಿತನಲ್ಲ. ಜಹಾಂಗೀರನ ಕಾಲದಲ್ಲಿ ಡಚ್ ಕಂಪನಿಯ ವರ್ತಕನಾಗಿ ಆಗ್ರಾದಲ್ಲಿ ಕೆಲವು ವರ್ಷ ಇದ್ದು, ಅಲ್ಲಿನ ನೀಲಿಯ ವ್ಯಾಪಾರವನ್ನೂ ಬಡವರ ಬಾಳನ್ನೂ ಕುರಿತು ವರದಿ ಬರೆದವನು. ಅವನೇ ೧೬೨೯ರಲ್ಲಿ ‘ಬಟೇವಿಯ’ ಎಂಬ ಹಡಗಿನಲ್ಲಿ ಜಾವಾಕ್ಕೆ ಹೋಗುತ್ತಿರುವಾಗ ಹಡಗು ಆಸ್ಟ್ರೇಲಿಯದ ಪಶ್ಚಿಮದ ದಿಬ್ಬದ ದ್ವೀಪಗಳಿಗೆ ಬಡಿದು ಒಡೆಯಿತು. ಅವನು ಸಹಾಯ ತರಲು ಸಣ್ಣ ದೋಣಿಯಲ್ಲಿ ಜಾವಾಕ್ಕೆ ಹೋದಾಗ, ಉಳಿದವರಲ್ಲಿ ದಂಗೆಯೆದ್ದ ಕೆಲವರು ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಅಂಥ ಘೋರದ ನಡುವೆಯೂ ಪೆಲ್ಸರ್ಟ್ ಆ ದ್ವೀಪದ ಒಂದು ನೆಗೆಯುವ ಪ್ರಾಣಿಯನ್ನು ಗಮನಿಸಿ ಬರೆದಿಟ್ಟನು. ಅದು ಕಾಂಗರೂವಿನ ಚಿಕ್ಕ ದಾಯಾದಿ, ವಾಲಬಿ. ಚೀಲದೊಳಗೆ ಅವರೆಬೀಜದಷ್ಟು ಗಾತ್ರದ ಮರಿಯೊಂದು ಮೊಲೆಯ ತೊಟ್ಟನ್ನು ಬಿಡದೆ ಕಚ್ಚಿಕೊಂಡಿರುವುದನ್ನು ಕಂಡು, ಮರಿ ಆ ತೊಟ್ಟಿನಿಂದಲೇ ಬೆಳೆದು ಬರುತ್ತದೆಂದು ಆತ ತೀರ್ಮಾನಿಸಿದನು.

ನಗುವ ಮೊದಲು ನಾವು ಸ್ವಲ್ಪ ಯೋಚಿಸಬೇಕು. ಮರಿಯ ಬಾಯೊಳಗೆ ತೊಟ್ಟಿನ ತುದಿ ಊದಿಕೊಂಡು, ವಾರಗಟ್ಟಲೆ ಅದು ಬಿಡಿಸಲಾಗದಂತೆ ಅಂಟಿಕೊಂಡಿರುತ್ತದೆ. ಎಳೆದರೆ ರಕ್ತ ಬರುತ್ತದೆ. ಕನ್ನಡದಲ್ಲಂತೂ ಮೊಲೆಗೂ ತೊಟ್ಟು, ಹಣ್ಣಿಗೂ ತೊಟ್ಟು. ಮರಿಯು ತೊಟ್ಟಿನಲ್ಲಿ ಕಾಯಾಗಿ ಬಲಿಯುತ್ತದೆ ಎಂದು ಅವನು ಕನ್ನಡದಲ್ಲಿ ಬರೆದಿದ್ದರೆ ಯಾರಿಗೂ ವಿಚಿತ್ರವಾಗಿ ತೋರುತ್ತಿರಲಿಲ್ಲ. ಪೆಲ್ಸರ್ಟ್ ಕಂಡದ್ದು ಸುಳ್ಳಲ್ಲ. ಕಂಡದ್ದರ ಹಿಂದಿನ ಗಳಿಗೆಯನ್ನು ಆತ ಕಾಣಲಿಲ್ಲ, ಅಷ್ಟೆ.

ಆ ಗಳಿಗೆಯನ್ನು ಕಾಣುವುದು ಸುಲಭವೂ ಅಲ್ಲ. ದೊಡ್ಡ ಕೆಂಪು ಕಾಂಗರೂ ಗರ್ಭ ಧರಿಸುವುದು ಸುಮಾರು ೩೩ ದಿನ ಮಾತ್ರ. ಹುಟ್ಟಿದ ಮರಿಯ ತೂಕ ಒಂದು ಗ್ರಾಮಿಗೂ ಕಡಿಮೆ. ಕಣ್ಣಿಲ್ಲ, ಕೂದಲಿಲ್ಲ, ಹಿಂಗಾಲು ಇನ್ನೂ ಮೊಗ್ಗು. ಮುಂಗೈಗಳು ಮಾತ್ರ ಗಟ್ಟಿ. ಆ ಕೈಗಳಿಂದಲೇ ತಾಯಿಯ ರೋಮಗಳನ್ನು ಹಿಡಿಹಿಡಿದು, ಯಾರ ನೆರವೂ ಇಲ್ಲದೆ, ಕೆಲವೇ ನಿಮಿಷಗಳಲ್ಲಿ ಅದು ಚೀಲವನ್ನು ತಲುಪಿ ತೊಟ್ಟನ್ನು ಹಿಡಿಯುತ್ತದೆ. ಅಮೆರಿಕದ ಒಪಾಸಮಿನ ಗರ್ಭಾವಧಿ ಇನ್ನೂ ಕಿರಿದು. ಹದಿಮೂರು ದಿನದೊಳಗೆ ಮುಗಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಹಾಲಿನ ಬಾಳು. ಕಾಂಗರೂ ಮರಿ ಚೀಲವನ್ನು ಪೂರ್ತಿ ಬಿಡುವುದು ಹುಟ್ಟಿದ ಎಂಟು ತಿಂಗಳ ಸುಮಾರಿಗೆ. ಅಷ್ಟರಲ್ಲಿ ಮುಂದಿನ ಮರಿ ಬಂದಿದ್ದರೆ, ತಾಯಿಯು ಒಂದು ತೊಟ್ಟಿನಲ್ಲಿ ಹಸುಳೆಗೆ ತಕ್ಕ ಹಾಲನ್ನೂ ಪಕ್ಕದ ತೊಟ್ಟಿನಲ್ಲಿ ದೊಡ್ಡ ಮರಿಗೆ ತಕ್ಕ ಹಾಲನ್ನೂ ಏಕಕಾಲದಲ್ಲಿ ಕೊಡುತ್ತದೆ. ನಮ್ಮಂಥ ಪ್ರಾಣಿಗಳ ತಾಯಿ ಬಹುಪಾಲು ಕೆಲಸವನ್ನು ಗರ್ಭದೊಳಗೆ ಮುಗಿಸಿದರೆ, ಈ ತಾಯಿ ಅದನ್ನು ಎದೆಹಾಲಿನಲ್ಲಿ ಮುಗಿಸುತ್ತಾಳೆ. ಈ ಬಳಗದ ನಿಜವಾದ ವಿಶೇಷ ಇದು. ಇದು ಯೂರೋಪಿನವರಿಗೆ ತಿಳಿಯುವ ಎಷ್ಟೋ ಮೊದಲೇ ಹೆಸರು ನಿಂತುಹೋಗಿತ್ತು.

ಕಾಂಗರೂ ಎಂಬ ಮಾತಿನ ಕಥೆಯನ್ನು ಓದುಗರು ಕೇಳಿಯೇ ಇರುತ್ತಾರೆ: ಕ್ಯಾಪ್ಟನ್ ಕುಕ್ ‘ಇದೇನು?’ ಎಂದು ಕೇಳಿದನಂತೆ, ಅಲ್ಲಿಯವರು ‘ನನಗೆ ಗೊತ್ತಿಲ್ಲ’ ಎಂಬರ್ಥದಲ್ಲಿ ಕಾಂಗರೂ ಎಂದರಂತೆ, ಅದೇ ಹೆಸರಾಯಿತಂತೆ. ನಗೆಗೆ ಒಳ್ಳೆಯ ಕಥೆ, ಆದರೆ ನಿಜವಲ್ಲ. ೧೭೭೦ರ ಜೂನ್ ತಿಂಗಳಲ್ಲಿ ಕುಕ್ಕನ ‘ಎಂಡೆವರ್’ ಹಡಗು ಈಶಾನ್ಯ ಆಸ್ಟ್ರೇಲಿಯದ ಹವಳದ ದಿಬ್ಬಕ್ಕೆ ತಗುಲಿ ತೂತಾಯಿತು. ಅದನ್ನು ದುರಸ್ತಿಮಾಡಲು ಒಂದು ನದಿಯ ಮುಖದಲ್ಲಿ ಅವರು ಸುಮಾರು ಏಳು ವಾರ ತಂಗಿದರು. ಜುಲೈ ೧೪ರಂದು ಗೋರ್ ಎಂಬ ಅಧಿಕಾರಿ ಒಂದು ಪ್ರಾಣಿಯನ್ನು ಗುಂಡಿಟ್ಟು ಕೊಂದನು. ಅಲ್ಲಿಯ ಗೂಗು ಯಿಮಿದಿರ್ ಜನರಿಂದ ಕೇಳಿ, ಕುಕ್ಕನೂ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸನೂ ‘ಕಾಂಗುರು’ ಎಂದು ಬರೆದುಕೊಂಡರು. ಐವತ್ತು ವರ್ಷದ ಮೇಲೆ, ೧೮೨೦ರಲ್ಲಿ, ಫಿಲಿಪ್ ಪಾರ್ಕರ್ ಕಿಂಗ್ ಎಂಬ ನಾವಿಕನು ಅಲ್ಲಿಗೇ ಹೋಗಿ ಕೇಳಿದಾಗ ಬೇರೆಯೇ ಒಂದು ಮಾತು ಸಿಕ್ಕಿತು. ಅದರಿಂದ ಕುಕ್ಕನು ತಪ್ಪು ಕೇಳಿಸಿಕೊಂಡನೆಂಬ ಸಂಶಯ ಹುಟ್ಟಿ, ನಗೆಯ ಕಥೆ ಬಲಿಯಿತು. ೧೯೭೨ರಲ್ಲಿ ಜಾನ್ ಹ್ಯಾವಿಲೆಂಡ್ ಎಂಬ ಭಾಷಾವಿಜ್ಞಾನಿ ಆ ಜನರ ನಡುವೆ ಇದ್ದು ಅವರ ನುಡಿಯನ್ನು ಅಭ್ಯಾಸಮಾಡಿದಾಗ ಸಂಗತಿ ಬಯಲಾಯಿತು. ‘ಗಂಗುರ್ರು’ ಎಂಬುದು ಅವರ ನುಡಿಯಲ್ಲಿ ಒಂದು ಬಗೆಯ ದೊಡ್ಡ ಕಾಂಗರೂವಿನ ಹೆಸರು. ಬೇರೆ ಬೇರೆ ಜಾತಿಗಳಿಗೆ ಬೇರೆ ಬೇರೆ ಹೆಸರುಗಳಿವೆ. ಕಿಂಗ್ ಕೇಳಿಸಿಕೊಂಡದ್ದು ಬಹುಶಃ ತಿನ್ನಬಹುದಾದ ಪ್ರಾಣಿ ಎಂಬ ಸಾಮಾನ್ಯ ಅರ್ಥದ ಮಾತು. ಬಹುಕಾಲ ಜಗತ್ತು ಅಜ್ಞಾನವೆಂದು ನಕ್ಕದ್ದು ಆ ಜನರ ನಿಖರತೆಯನ್ನು.

ಇದರ ಬಾಲಂಗೋಚಿಯಾಗಿ ಇನ್ನೊಂದು ಸಂಗತಿ ಇದೆ. ೧೭೮೮ರಲ್ಲಿ ಇಂಗ್ಲಿಷರ ಮೊದಲ ವಸಾಹತು ಈಗಿನ ಸಿಡ್ನಿಯಲ್ಲಿ ನೆಲೆಯೂರಿದಾಗ, ಅವರು ಕುಕ್ಕನ ಪುಸ್ತಕದಿಂದ ಕಲಿತ ಕಾಂಗರೂ ಎಂಬ ಮಾತನ್ನು ಅಲ್ಲಿಯವರ ಮುಂದೆ ಆಡಿದರು. ಎಂಡೆವರ್ ನದಿಗೂ ಸಿಡ್ನಿಗೂ ಎರಡು ಸಾವಿರ ಕಿಲೊಮೀಟರು. ಕನ್ಯಾಕುಮಾರಿಯಲ್ಲಿ ಕಲಿತ ತಮಿಳು ಮಾತನ್ನು ದಿಲ್ಲಿಯಲ್ಲಿ ಆಡಿದಂತಾಯಿತು. ಸಿಡ್ನಿಯ ಜನರ ನುಡಿಯಲ್ಲಿ ಆ ಪ್ರಾಣಿಗೆ ‘ಪಟಗರಾಂಗ್’ ಎಂದು ಹೆಸರು. ಕಾಂಗರೂ ಎಂದರೆ ಇಂಗ್ಲಿಷಿನಲ್ಲಿ ದೊಡ್ಡ ಪ್ರಾಣಿಗಳಿಗೆಲ್ಲ ಹೇಳುವ ಮಾತಿರಬೇಕೆಂದು ಅವರು ತಿಳಿದು, ಹಡಗಿನಿಂದ ಇಳಿದ ದನಗಳನ್ನು ತೋರಿಸಿ ಇವೂ ಕಾಂಗರೂಗಳೇ ಎಂದು ಕೇಳಿದರೆಂದು ಆ ವಸಾಹತಿನಲ್ಲಿದ್ದ ವಾಟ್ಕಿನ್ ಟೆಂಚ್ ಎಂಬ ಸೇನಾಧಿಕಾರಿ ದಾಖಲಿಸಿದ್ದಾನೆ.

ಹೀಗೆ ಆಮದಾದ ಹೆಸರುಗಳಲ್ಲಿ ಒಂದು ನಮ್ಮ ದಕ್ಷಿಣದೇಶದಿಂದ ಹೋದದ್ದೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಆಸ್ಟ್ರೇಲಿಯದಲ್ಲಿ ಬ್ಯಾಂಡಿಕೂಟ್ ಎಂಬ ಚೂಪು ಮೂತಿಯ ಸಣ್ಣ ಚೀಲದ ಪ್ರಾಣಿ ಇದೆ. ಬ್ಯಾಂಡಿಕೂಟ್ ಎಂಬುದು ತೆಲುಗಿನ ‘ಪಂದಿಕೊಕ್ಕು’. ಪಂದಿ ಎಂದರೆ ಹಂದಿ. ಹಳಗನ್ನಡದಲ್ಲಿ ನಮಗೂ ಅದು ಪಂದಿಯೇ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಂದಿ ಹಂದಿಯಾಯಿತು. ಕೊಕ್ಕು ಎಂದರೆ ಇಲಿ. ಹಂದಿಯಂತೆ ಗುಟುರುಹಾಕುವ ದೊಡ್ಡ ಇಲಿ, ನಮ್ಮ ಮನೆಯ ಹಿತ್ತಿಲಿನ ಹೆಗ್ಗಣ. ಇಂಡಿಯದಲ್ಲಿ ಇಂಗ್ಲಿಷರು ಈ ಮಾತನ್ನು ಕಲಿತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಲಕತ್ತೆಗೂ ಸಿಡ್ನಿಗೂ ಹಡಗುಗಳ ಓಡಾಟ ಮೊದಲಾಗಿತ್ತು. ಜೊತೆಗೆ ಮಾತೂ ಓಡಾಡಿತು. ಮೂತಿಯಿಂದ ನೆಲ ಕೆದಕಿ ಕುಳಿ ತೋಡುವ ಆಸ್ಟ್ರೇಲಿಯದ ಪ್ರಾಣಿಯನ್ನು ಕಂಡು ಅವರಿಗೆ ಇಂಡಿಯದ ಹೆಗ್ಗಣ ನೆನಪಾಯಿತು. ಹೆಗ್ಗಣಕ್ಕೂ ಅದಕ್ಕೂ ರಕ್ತಸಂಬಂಧ ಏನೇನೂ ಇಲ್ಲ. ಈ ಬ್ಯಾಂಡಿಕೂಟುಗಳಲ್ಲಿ ಒಂದು ಜಾತಿಗೆ ಹಂದಿಯ ಗೊರಸಿನಂಥ ಮುಂಗಾಲು ಇತ್ತು. ಅದಕ್ಕೆ ‘ಹಂದಿಗಾಲಿನ ಬ್ಯಾಂಡಿಕೂಟ್’ ಎಂದರು. ಎಂದರೆ ಹಂದಿಗಾಲಿನ ಹಂದಿ‑ಇಲಿ. ಹಂದಿಯೂ ಅಲ್ಲದ ಇಲಿಯೂ ಅಲ್ಲದ ಪ್ರಾಣಿಗೆ ಎರಡು ಸಲ ಹಂದಿಯ ಹೆಸರು. ಅಷ್ಟೇ ಅಲ್ಲ, ೧೮೩೮ರಲ್ಲಿ ಶಾಸ್ತ್ರೀಯವಾಗಿ ಅದನ್ನು ವರ್ಣಿಸಿದಾಗ ಸಿಕ್ಕಿದ್ದ ಒಂದೇ ಮಾದರಿಯ ಬಾಲ ಕಿತ್ತುಹೋಗಿತ್ತು. ಆದ್ದರಿಂದ ಲ್ಯಾಟಿನಿನಲ್ಲಿ ಬಾಲವಿಲ್ಲದ್ದು ಎಂಬರ್ಥದ ಹೆಸರನ್ನಿಟ್ಟರು. ಅದಕ್ಕೆ ಉದ್ದವಾದ ಬಾಲವೇ ಇತ್ತು. ಹೆಸರು ಮಾತ್ರ ಉಳಿದಿದೆ. ಪ್ರಾಣಿ ಇಪ್ಪತ್ತನೆಯ ಶತಮಾನದ ನಡುಗಾಲದ ಹೊತ್ತಿಗೆ ಭೂಮಿಯಿಂದ ಅಳಿಸಿಹೋಯಿತು.

ಇಲ್ಲಿಯವರೆಗೆ ಹೇಳಿದ್ದನ್ನು ವಿನೋದವೆಂದು ತಳ್ಳಿಹಾಕಬಹುದು. ಹೆಸರು ತಪ್ಪಾದರೆ ಪ್ರಾಣಿಗೇನು ನಷ್ಟ ಎಂದು ಕೇಳಬಹುದು. ಕೋಲವನ್ನು ಕರಡಿ ಎಂದರೆ ಕೋಲಕ್ಕೆ ನೋವಾಗದು ಎನ್ನಬಹುದು. ಆದರೆ ಒಂದು ಪ್ರಾಣಿಗೆ ಹೆಸರಿನಿಂದ ನಷ್ಟವಾಯಿತೆಂದು ನಾನು ಬಲ್ಲೆ. ಆಸ್ಟ್ರೇಲಿಯದ ದಕ್ಷಿಣದಲ್ಲಿರುವ ಟಾಸ್ಮೇನಿಯ ದ್ವೀಪದಲ್ಲಿ ನಾಯಿಯ ಗಾತ್ರದ, ಬೆನ್ನಿನ ಹಿಂಭಾಗದಲ್ಲಿ ಕಪ್ಪು ಪಟ್ಟೆಗಳಿದ್ದ ಒಂದು ಮಾಂಸಾಹಾರಿ ಪ್ರಾಣಿ ಇತ್ತು. ಹೆಣ್ಣಿಗೆ ಹಿಂದಕ್ಕೆ ತೆರೆಯುವ ಚೀಲವಿತ್ತು. ೧೮೦೮ರಲ್ಲಿ ಅದನ್ನು ಮೊದಲು ವರ್ಣಿಸಿದ ಹ್ಯಾರಿಸ್ ಅದನ್ನು ನಾಯಿತಲೆಯ ಒಪಾಸಮ್ ಎಂದನು. ಮುಂದೆ ಶಾಸ್ತ್ರಜ್ಞರು ಗ್ರೀಕಿನಲ್ಲಿ ಚೀಲ ಎಂಬರ್ಥದ ಮಾತಿನಿಂದ ‘ಥೈಲಸೀನ್’ ಎಂದರು. ಆದರೆ ಕುರಿ ಸಾಕಲು ಬಂದ ವಲಸೆಗಾರರಿಗೆ ಗ್ರೀಕ್ ಬೇಕಿರಲಿಲ್ಲ. ಅವರು ಅದನ್ನು ಟಾಸ್ಮೇನಿಯದ ಹುಲಿ ಎಂದರು, ತೋಳ ಎಂದರು, ಕತ್ತೆಕಿರುಬ ಎಂದೂ ಎಂದರು. ಅಲ್ಲಿಯ ಮೂಲನಿವಾಸಿಗಳ ನುಡಿಗಳಲ್ಲಿ ಅದಕ್ಕೆ ಹೆಸರುಗಳಿದ್ದವು, ಕೇಳಿದವರು ಕಡಿಮೆ.

ಹುಲಿ ಮತ್ತು ತೋಳ ಎಂಬ ಹೆಸರುಗಳು ಬರಿಯ ಹೆಸರುಗಳಲ್ಲ. ಯೂರೋಪಿನ ಕುರಿಗಾಹಿಯ ಮನಸ್ಸಿನಲ್ಲಿ ತೋಳಕ್ಕೆ ಸಾವಿರಾರು ವರ್ಷದ ಆಪಾದನೆ ಅಂಟಿಕೊಂಡಿದೆ. ಆ ಆಪಾದನೆ ಹೆಸರಿನೊಡನೆ ಈ ಪ್ರಾಣಿಯ ಮೇಲೂ ಬಂದು ಕುಳಿತಿತು. ಕುರಿ ಸತ್ತರೆ ತೋಳ ತಿಂದಿತು ಎಂಬ ಮಾತಿಗೆ ಸಾಕ್ಷಿ ಬೇಕಿರಲಿಲ್ಲ. ಊರ ನಾಯಿಗಳೂ ಕಾಡುಬಿದ್ದ ನಾಯಿಗಳೂ ಕುರಿಗಳನ್ನು ಕೊಲ್ಲುತ್ತಿದ್ದವು; ಕುರಿಗಳನ್ನು ನೋಡಿಕೊಳ್ಳುವ ರೀತಿಯೂ ಕೆಟ್ಟದಾಗಿತ್ತು. ಥೈಲಸೀನಿನ ದವಡೆಗೆ ಬೆಳೆದ ಕುರಿಯನ್ನು ಕೊಲ್ಲುವಷ್ಟು ಬಲವಿದ್ದಿರಲಾರದೆಂದು ಇತ್ತೀಚಿನ ಅಧ್ಯಯನವೊಂದು ಸೂಚಿಸಿದೆ. ಆದರೂ ೧೮೩೦ರಿಂದಲೇ ಒಂದು ಕುರಿ ಕಂಪನಿ ಅದರ ತಲೆಗೆ ಬಹುಮಾನ ಕಟ್ಟಿತು. ೧೮೮೮ರಿಂದ ೧೯೦೯ರವರೆಗೆ ಸರಕಾರವೇ ಬಹುಮಾನ ಕೊಟ್ಟಿತು: ಬೆಳೆದದ್ದಕ್ಕೆ ಒಂದು ಪೌಂಡು, ಮರಿಗೆ ಹತ್ತು ಶಿಲಿಂಗು. ಹೀಗೆ ಸರಕಾರ ಕೊಟ್ಟ ಬಹುಮಾನಗಳು ೨,೧೮೪. ರೋಗ, ನಾಯಿಗಳ ಕಾಟ, ಕಾಡು ಕಡಿಮೆಯಾದದ್ದು, ಇವೂ ಸೇರಿಕೊಂಡವು. ೧೯೩೬ರ ಜುಲೈ ೧೦ರಂದು ಸರಕಾರ ಅದಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. ಅದಾಗಿ ಐವತ್ತೊಂಬತ್ತು ದಿನಕ್ಕೆ, ಸೆಪ್ಟೆಂಬರ್ ೭ರಂದು, ಹೋಬಾರ್ಟ್ ನಗರದ ಮೃಗಾಲಯದಲ್ಲಿ ಗೊತ್ತಿದ್ದ ಕೊನೆಯ ಥೈಲಸೀನ್ ಸತ್ತಿತು. ಈಗ ಆ ದಿನವನ್ನು ಆಸ್ಟ್ರೇಲಿಯದವರು ಅಳಿವಿನಂಚಿನ ಜೀವಿಗಳ ದಿನವೆಂದು ಆಚರಿಸುತ್ತಾರೆ.

ನಿಜಸಂಗತಿ ಏನೆಂದರೆ, ಆ ಪ್ರಾಣಿ ತೋಳವೂ ಆಗಿರಲಿಲ್ಲ, ಹುಲಿಯೂ ಆಗಿರಲಿಲ್ಲ. ತೋಳಕ್ಕೆ ಥೈಲಸೀನಿಗಿಂತ ನಾವು ಮನುಷ್ಯರೇ ಹತ್ತಿರದ ನೆಂಟರು. ಥೈಲಸೀನಿಗೆ ಕಾಂಗರೂ ನೆಂಟ. ಈ ಎರಡು ಬಳಗಗಳು ಬೇರೆಯಾದದ್ದು ಡೈನೊಸಾರುಗಳು ಇನ್ನೂ ಭೂಮಿಯನ್ನು ಆಳುತ್ತಿದ್ದ ಕಾಲದಲ್ಲಿ. ಒಂದೇ ಬಗೆಯ ಬೇಟೆಯ ಬಾಳಿನಿಂದ ಎರಡಕ್ಕೂ ಒಂದೇ ಬಗೆಯ ತಲೆ, ಹಲ್ಲು ಬಂದವು. ಹೆಸರು ಆ ಹೋಲಿಕೆಯನ್ನು ಕಂಡಿತು. ಅದರ ಹಿಂದಿನ ಅಂತರವನ್ನು ಕಾಣಲಿಲ್ಲ.

ಅಲ್ಲಿಯ ಜನ ಈಗ ಕೆಲವು ಹೆಸರುಗಳನ್ನು ತಿದ್ದಿಕೊಂಡಿದ್ದಾರೆಂಬುದು ಸಮಾಧಾನದ ವಿಷಯ. ಮೈಮೇಲೆ ಬಿಳಿಯ ಚುಕ್ಕೆಗಳಿರುವ ಒಂದು ಸಣ್ಣ ಬೇಟೆಗಾರನನ್ನು ವಲಸೆಗಾರರು ದೇಶೀ ಬೆಕ್ಕು ಎನ್ನುತ್ತಿದ್ದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದಕ್ಕೆ ‘ಕ್ವಾಲ್’ ಎಂಬ ಹೆಸರು ಮರಳಿ ಬಂತು. ಅದು ಕುಕ್ಕನ ಜನರು ೧೭೭೦ರಲ್ಲಿ, ಕಾಂಗುರು ಎಂಬುದನ್ನು ಬರೆದುಕೊಂಡ ಅದೇ ನದಿಯ ಬಳಿ, ಅದೇ ಜನರ ಬಾಯಿಂದ ಕೇಳಿ ಬರೆದುಕೊಂಡಿದ್ದ ಮಾತು. ಬೆಕ್ಕು ಎಂದರೆ ಸಾಕಷ್ಟಿರುವ ಪ್ರಾಣಿ. ಕ್ವಾಲ್ ಎಂದರೆ ಆಸ್ಟ್ರೇಲಿಯ, ನ್ಯೂಗಿನಿಗಳಲ್ಲಲ್ಲದೆ ಎಲ್ಲಿಯೂ ಇಲ್ಲದ ಪ್ರಾಣಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಡೀ ಬಳಗದ ಹೆಸರಾದ ಮಾರ್ಸೂಪಿಯಲ್ ಎಂಬುದಾದರೂ ಅನ್ವರ್ಥವೇ? ಪರೀಕ್ಷೆಮಾಡಿದರೆ ಅದೂ ಪೂರ್ತಿ ನಿಲ್ಲುವುದಿಲ್ಲ. ಆಸ್ಟ್ರೇಲಿಯದ ನಂಬಾಟ್ ಎಂಬ ಗೆದ್ದಲು ತಿನ್ನುವ ಪ್ರಾಣಿಗೆ ಚೀಲವೇ ಇಲ್ಲ. ಮರಿಗಳು ತಾಯಿಯ ಹೊಟ್ಟೆಯ ರೋಮದ ನಡುವೆ ತೊಟ್ಟು ಕಚ್ಚಿ ನೇತಾಡುತ್ತವೆ. ದಕ್ಷಿಣ ಅಮೆರಿಕದ ಅನೇಕ ಸಣ್ಣ ಒಪಾಸಮುಗಳಿಗೂ ಚೀಲವಿಲ್ಲ. ಅಲ್ಲಿಯ ನೀರು ಒಪಾಸಮಿನಲ್ಲ್ಲಾದರೆ ಗಂಡಿಗೂ ಚೀಲ. ಮಣ್ಣು ತೋಡುವ ವಾಂಬಾಟಿನ ಚೀಲ ಹಿಂದಕ್ಕೆ ತೆರೆಯುತ್ತದೆ, ಮರಿಯ ಮೇಲೆ ಮಣ್ಣು ಬೀಳದಂತೆ. ಇನ್ನೊಂದು ಕಡೆ, ಈ ಬಳಗಕ್ಕೆ ಸೇರದ, ಮೊಟ್ಟೆಯಿಡುವ ಎಕಿಡ್ನ ಎಂಬ ಮುಳ್ಳಿನ ಪ್ರಾಣಿಗೆ ಮೊಟ್ಟೆಯನ್ನು ಇಟ್ಟುಕೊಳ್ಳಲು ತಾತ್ಕಾಲಿಕವಾದ ಚೀಲವೊಂದು ಮೂಡುತ್ತದೆ. ಚೀಲವಿಲ್ಲದ ಚೀಲದ ಪ್ರಾಣಿ, ಚೀಲವಿರುವ ಬೇರೆ ಪ್ರಾಣಿ! ಗ್ರನಾಡದಲ್ಲಿ ಬೆರಳಿಟ್ಟು ನೋಡಿದವರಿಗೆ ಮುಖ್ಯವಾಗಿ ತೋರಿದ್ದು ಪ್ರಾಣಿಗಳ ಬಾಳಿನಲ್ಲಿ ಅಷ್ಟು ಮುಖ್ಯವಾದದ್ದಲ್ಲ. ಮುಖ್ಯವಾದದ್ದು ಬೇಗ ಹೆರುವುದು, ಬಹುಕಾಲ ಹಾಲೂಡುವುದು.

ಇದು ನಮಗೂ ಸಂಬಂಧಿಸಿದ ವಿಷಯ. ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರು ಇವನ್ನು ಹೊಟ್ಟೆಚೀಲದ ಪ್ರಾಣಿ ಎಂದೋ ಸಂಚಿಯ ಪ್ರಾಣಿ ಎಂದೋ ಕರೆಯುವುದುಂಟು. ಸಂಚಿ ನಮ್ಮ ಹಳೆಯ ಚೆಲುವಾದ ಮಾತು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ತಾಂಬೂಲದ ಸಂಚಿ ಹಿಡಿಯುವ ಊಳಿಗದಲ್ಲಿದ್ದು, ‘ಹದಿಬದೆಯ ಧರ್ಮ’ವನ್ನು ಬರೆದ ಹೊನ್ನಮ್ಮನಿಗೆ ಅದೇ ಹೆಸರಿನ ಭಾಗವಾಯಿತು. ಮಾರ್ಸೂಪಿಯಮ್ ಎಂಬುದಕ್ಕೆ ಸರಿಸಮನಾದ ಮಾತು ಬೇಕಾದರೆ ಸಂಚಿಗಿಂತ ಒಳ್ಳೆಯದು ಸಿಗಲಾರದು. ಆದರೆ ಪ್ರಶ್ನೆ ಇರುವುದು ಅಲ್ಲಿಯೇ. ನಾವು ಹೆಸರಿಡಬೇಕಾದದ್ದು ಲ್ಯಾಟಿನ್ ಮಾತಿಗೋ, ಪ್ರಾಣಿಗೋ? ಎಲೆ ಅಡಿಕೆ, ನಾಣ್ಯ, ಇವು ಸಂಚಿಯಲ್ಲಿರುವ ವಸ್ತುಗಳು. ಹಾಕಿದಷ್ಟೇ ಇರುತ್ತವೆ, ಬೆಳೆಯುವುದಿಲ್ಲ.

ಕನ್ನಡದಲ್ಲಿ ಮಡಿಲು ಎಂಬ ಇನ್ನೊಂದು ಮಾತಿದೆ. ಹೆಂಗಸರು ಸೆರಗನ್ನು ಮಡಿಸಿ ಅಕ್ಕಿ ಕಾಯಿಗಳನ್ನು ತುಂಬಿಸಿಕೊಳ್ಳುವುದೂ ಮಡಿಲೇ. ಮಗು ಮಲಗಿ ಹಾಲು ಕುಡಿಯುವುದೂ ಮಡಿಲೇ. ಚೀಲ ಮತ್ತು ತಾಯಿಯ ತೊಡೆ ಎರಡನ್ನೂ ಒಂದೇ ಮಾತು ಹೇಳುತ್ತದೆ. ಚೀಲವಿರುವ ಕಾಂಗರೂವಿಗೂ ಅದು ಒಪ್ಪುತ್ತದೆ. ಚೀಲವಿಲ್ಲದೆ ಬರಿಯ ರೋಮದಲ್ಲಿ ಮರಿಗಳನ್ನು ಹೊರುವ ನಂಬಾಟಿಗೂ ಒಪ್ಪುತ್ತದೆ. ಗಂಡು ನೀರು ಒಪಾಸಮಿಗೆ ಒಪ್ಪುವುದಿಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ನಾನು ವಾದಿಸಲಾರೆ. ಯಾವ ಅನ್ವರ್ಥನಾಮವೂ ಪೂರ್ತಿ ಅನ್ವರ್ಥವಲ್ಲವೆಂದೇ ಇಷ್ಟು ಹೊತ್ತು ಹೇಳುತ್ತಿದ್ದೇನೆ. ‘ಮಡಿಲ ಪ್ರಾಣಿ’ ಎಂಬುದು ನಿಲ್ಲುತ್ತದೆಯೋ ಇಲ್ಲವೋ, ಬಳಸುವವರು ತೀರ್ಮಾನಿಸಲಿ. ನನ್ನ ಅರಿಕೆ ಇಷ್ಟೆ: ಪಠ್ಯಪುಸ್ತಕಗಳಿಗೆ ಮಾತು ಕಟ್ಟುವವರು ಇಂಗ್ಲಿಷ್ ಮಾತನ್ನು ಎದುರಿಗಿಟ್ಟುಕೊಂಡು ಅದಕ್ಕೆ ಕನ್ನಡದ ಅಂಗಿ ತೊಡಿಸುವ ಮೊದಲು, ಆ ಇಂಗ್ಲಿಷ್ ಮಾತು ಯಾರು ಎಂದು ಏನನ್ನು ನೋಡಿ ಆಡಿದ್ದು ಎಂದು ಒಮ್ಮೆ ವಿಚಾರಿಸಲಿ. ಗಂಗುರ್ರು ಎಂದವರನ್ನು ನೋಡಿ ಬಹುಕಾಲ ನಕ್ಕ ಜಗತ್ತಿಗೆ ಆ ವಿಚಾರಣೆ ತಡವಾಗಿ ಬಂತು. ಟಾಸ್ಮೇನಿಯದ ಆ ಪಟ್ಟೆಯ ಪ್ರಾಣಿಗೆ ಅದು ಬರಲೇ ಇಲ್ಲ.